ಅಪ್‌ಗ್ರೇಡ್ ಮಾಡುವಾಗ ನಾವು ತಿದ್ದಿಕೊಂಡ ಕಾನ್ಫಿಗರೇಶನ್ ಫೈಲ್‌ಗಳು ಉಳಿಯುತ್ತವೆಯೇ?

ಪ್ರಶ್ನೆ: ಉಡುಪಿ ಸಮೀಪದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಸರ್ವರ್ ಮೇಲೆ ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶವನ್ನು ನಡೆಸುತ್ತಿದ್ದೇವೆ. ಕನ್ನಡ, ತುಳು, ಕೊಂಕಣಿ ಪುಸ್ತಕಗಳು ಹುಡುಕಾಟದಲ್ಲಿ ಸರಿಯಾಗಿ ಸಿಗಲೆಂದು ತಂತ್ರಾಂಶ ಹೇಗೆ ನಡೆಯಬೇಕೆಂದು ಹೇಳುವ ಕೆಲವು ಕಾನ್ಫಿಗರೇಶನ್ ಫೈಲ್‌ಗಳನ್ನು ತಿದ್ದಿಕೊಂಡಿದ್ದೇವೆ. ಬೇಸಿಗೆ ರಜೆಯಲ್ಲಿ ಅಪ್‌ಗ್ರೇಡ್ ಮಾಡುವ ಯೋಚನೆಯಿದೆ. ‘ಈಗಿರುವ ಫೈಲನ್ನು ಉಳಿಸಬೇಕೇ, ಹೊಸದನ್ನು ಹಾಕಬೇಕೇ’ ಎಂದು ನಡುವೆ ಕೇಳಿದರೆ ಏನೆಂದು ಉತ್ತರಿಸಬೇಕು?

ಉತ್ತರ: ಆ ಕ್ಷಣದಲ್ಲಿ ಏನೂ ತೋಚದಿದ್ದರೆ ‘ಎನ್’ ಒತ್ತಿ, ನಿಮ್ಮ ಫೈಲ್ ಇದ್ದ ಹಾಗೆಯೇ ಉಳಿಯುತ್ತದೆ. ಏನನ್ನೂ ಆರಿಸದೆ ಎಂಟರ್ ಒತ್ತಿದರೂ ಫಲಿತಾಂಶ ಅದೇ. ಆದರೆ ಫೈಲ್ ಉಳಿಯಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಮತ್ತು ನೀವು ತಿದ್ದಿದ ಎಲ್ಲ ಫೈಲ್‌ಗಳ ಬಗ್ಗೆಯೂ ಹೀಗೆ ಕೇಳಿಯೇ ಕೇಳುತ್ತಾರೆ ಎಂಬ ಭರವಸೆಯೂ ಇಲ್ಲ. ಆದ್ದರಿಂದ ಈ ಪ್ರಶ್ನೆ ಯಾವಾಗ ಏಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಸ್ಥಾಪಿಸುವ ಡಿಪಿಕೆಜಿ, ‘ಇಟಿಸಿ’ ಡೈರೆಕ್ಟರಿಯೊಳಗೆ ತಾನು ತಂದಿಟ್ಟ ಪ್ರತಿಯೊಂದು ಕಾನ್ಫಿಗರೇಶನ್ ಫೈಲಿನ ಎಂಡಿ5 ಮೊತ್ತವನ್ನು (ಫೈಲ್ ಬದಲಾದರೆ ತಾನೂ ಬದಲಾಗುವ ಒಂದು ಗುರುತನ್ನು) ಬರೆದಿಟ್ಟುಕೊಂಡಿರುತ್ತದೆ. ಅಪ್‌ಗ್ರೇಡ್ ಸಮಯದಲ್ಲಿ ಅದು ಮೂರನ್ನು ಹೋಲಿಸುತ್ತದೆ: ಹಿಂದಿನ ಪ್ಯಾಕೇಜ್ ತಂದಿದ್ದ ಫೈಲ್, ಈಗ ಡಿಸ್ಕಿನಲ್ಲಿರುವ ಫೈಲ್, ಹೊಸ ಪ್ಯಾಕೇಜ್ ತಂದಿರುವ ಫೈಲ್. ನೀವು ಮುಟ್ಟದೆ ಇದ್ದು ಪ್ಯಾಕೇಜಿನವರು ಬದಲಿಸಿದ್ದರೆ ಹೊಸದು ಸದ್ದಿಲ್ಲದೆ ಬಂದು ಕೂರುತ್ತದೆ. ನೀವು ಬದಲಿಸಿದ್ದು ಅವರು ಬದಲಿಸದೆ ಇದ್ದರೆ ನಿಮ್ಮದು ಸದ್ದಿಲ್ಲದೆ ಉಳಿಯುತ್ತದೆ. ಇಬ್ಬರೂ ಬದಲಿಸಿದ್ದಾಗ ಮಾತ್ರ ಪ್ರಶ್ನೆ ಬರುತ್ತದೆ. ಹಿಂದಿನ ಬಾರಿ ಏನೂ ಕೇಳದೆ ಎಲ್ಲವೂ ಸುಗಮವಾಗಿ ನಡೆದಿತ್ತೆಂದು ಈ ಬಾರಿ ಪರದೆಯ ಮುಂದಿನಿಂದ ಎದ್ದುಹೋಗಬಾರದು ಎನ್ನುವುದು ಇದಕ್ಕಾಗಿಯೇ.

ಪ್ರಶ್ನೆ ಬಂದಾಗ ಮೊದಲು ‘ಡಿ’ ಒತ್ತಿ, ಎರಡು ಫೈಲ್‌ಗಳ ನಡುವಿನ ವ್ಯತ್ಯಾಸವನ್ನು ಪೂರ್ತಿ ಓದಿ. ‘ಎನ್’ ಒತ್ತಿದರೆ ಹೊಸ ಫೈಲ್ ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲ ಹೊತ್ತು ಪಕ್ಕದಲ್ಲೇ ಉಳಿಯುತ್ತದೆ. ‘ವೈ’ ಒತ್ತಿದರೆ ನಿಮ್ಮ ಹಳೆಯ ಫೈಲ್ ‘ಡಿಪಿಕೆಜಿ-ಓಲ್ಡ್’ ಎಂಬ ಬಾಲದೊಂದಿಗೆ ಉಳಿಯುತ್ತದೆ. ಎಂದರೆ ಗಾಬರಿಯಲ್ಲಿ ಯಾವ ಅಕ್ಷರ ಒತ್ತಿದರೂ ಸರಿಪಡಿಸಿಕೊಳ್ಳಲು ದಾರಿಯಿರುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿರುವುದು ಒಂದೇ ಫೈಲಿನ ಬಗ್ಗೆ. ಕೋಹಾದ ಹುಡುಕಾಟವನ್ನು ಜೀಬ್ರಾ ಎಂಬ ಎಂಜಿನ್ ನಡೆಸುತ್ತಿದ್ದರೆ, ಅದರ ‘ಡೀಫಾಲ್ಟ್.ಐಡಿಎಕ್ಸ್’ ಫೈಲ್ ಯಾವ ಲಿಪಿಯ ಪದಗಳನ್ನು ಹೇಗೆ ಬಿಡಿಸಿ ಸೂಚಿಗೆ (ಹುಡುಕಾಟಕ್ಕಾಗಿ ಕಟ್ಟಿಟ್ಟ ಪದಪಟ್ಟಿಗೆ) ಸೇರಿಸಬೇಕೆಂದು ನಿರ್ಧರಿಸುತ್ತದೆ. ಪ್ಯಾಕೇಜ್ ತರುವ ಮೂಲ ಫೈಲಿನಲ್ಲಿರುವ ಅಕ್ಷರಪಟ್ಟಿ ರೋಮನ್ ಲಿಪಿಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಭಾರತೀಯ ಲಿಪಿಗಳಿಗಾಗಿ ಆ ಸಾಲುಗಳನ್ನು ನಿಷ್ಕ್ರಿಯಗೊಳಿಸಿ, ಯೂನಿಕೋಡ್ ನಿಯಮಗಳನ್ನು ಬಲ್ಲ ಐಸಿಯು ಸಾಲುಗಳನ್ನು ಹಾಕಿಕೊಳ್ಳುವುದು ನಮ್ಮ ಕಡೆಯ ಗ್ರಂಥಾಲಯಗಳಲ್ಲಿ ರೂಢಿ, ಮತ್ತು ನೀವು ತಿದ್ದಿರುವುದೂ ಬಹುಶಃ ಇದನ್ನೇ. ಈ ಫೈಲಿಗೆ ‘ವೈ’ ಒತ್ತಿ, ಬಳಿಕ ಸೂಚಿಯನ್ನು ಹೊಸದಾಗಿ ಕಟ್ಟಿದರೆ ಕನ್ನಡದ ಹುಡುಕಾಟ ಕೈಕೊಡುತ್ತದೆ. ಇದರಲ್ಲಿ ಅಪಾಯಕರವಾದದ್ದೆಂದರೆ ಎಲ್ಲಿಯೂ ದೋಷದ ಸಂದೇಶ ಕಾಣಿಸುವುದಿಲ್ಲ: ಪುಸ್ತಕಗಳ ದಾಖಲೆ ಡೇಟಾಬೇಸಿನಲ್ಲಿ ಹಾಗೆಯೇ ಇರುತ್ತದೆ, ಬಾರ್‌ಕೋಡ್ ಓದಿಸಿ ಪುಸ್ತಕ ಕೊಡುವುದೂ ಪಡೆಯುವುದೂ ಎಂದಿನಂತೆ ನಡೆಯುತ್ತದೆ, ಇಂಗ್ಲಿಷ್ ಶೀರ್ಷಿಕೆಗಳೂ ಸಿಗುತ್ತವೆ. ಕನ್ನಡದಲ್ಲಿ ಹುಡುಕಿದ ವಿದ್ಯಾರ್ಥಿಯೊಬ್ಬನಿಗೆ ಮಾತ್ರ ಗ್ರಂಥಾಲಯದಲ್ಲಿ ಆ ಪುಸ್ತಕವೇ ಇಲ್ಲವೆಂದು ತೋರುತ್ತದೆ, ಮತ್ತು ಆತ ಅದನ್ನು ಯಾರಿಗೂ ಹೇಳದೆ ಹೊರಟುಹೋಗುತ್ತಾನೆ.

ಹಾಗೆಂದು ಎಲ್ಲದಕ್ಕೂ ‘ಎನ್’ ಒತ್ತುತ್ತಾ ಹೋಗುವುದೂ ಸರಿಯಲ್ಲ. ತಂತ್ರಾಂಶ ಹೊಸದಾಗಿ, ಅದರ ಕಾನ್ಫಿಗರೇಶನ್ ಮಾತ್ರ ವರ್ಷಗಳ ಹಿಂದಿನದಾಗಿ ಉಳಿದರೆ, ಅದನ್ನು ಬರೆದವರು ಸೇರಿಸಿದ ಹೊಸ ಸೂಚಿಗಳೂ ಸುರಕ್ಷತೆಯ ತಿದ್ದುಪಡಿಗಳೂ ನಿಮಗೆ ದಕ್ಕುವುದಿಲ್ಲ. ಅಪ್‌ಗ್ರೇಡ್ ಮುಗಿದ ದಿನವೇ ‘ಡಿಪಿಕೆಜಿ-ಡಿಸ್ಟ್’ ಫೈಲ್‌ಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದನ್ನೂ ನಿಮ್ಮ ಫೈಲಿನೊಂದಿಗೆ ಹೋಲಿಸಿ ಎರಡನ್ನೂ ಒಂದಾಗಿಸಬೇಕು. ನಿಮ್ಮ ಬದಲಾವಣೆ ನಾಲ್ಕಾರು ಸಾಲಿನದಾಗಿದ್ದರೆ ಹೊಸ ಫೈಲನ್ನೇ ಆಧಾರವಾಗಿಟ್ಟುಕೊಂಡು ನಿಮ್ಮ ಸಾಲುಗಳನ್ನು ಅದಕ್ಕೆ ಸೇರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಪ್ರತಿ ತಿದ್ದುಪಡಿಯ ಮೇಲೆ ಯಾರು, ಯಾವಾಗ, ಏಕೆ ಮಾಡಿದರೆಂದು ಒಂದು ಸಾಲಿನ ಟಿಪ್ಪಣಿಯಿದ್ದರೆ, ಮಾಡಿದವರು ಬೇರೆ ಊರಿಗೆ ವರ್ಗವಾಗಿ ಹೋಗಿದ್ದರೂ ಈ ಕೆಲಸ ಕಷ್ಟವಾಗುವುದಿಲ್ಲ.

ಇನ್ನು ಪ್ರಶ್ನೆಯೇ ಏಳದ ಫೈಲ್‌ಗಳು. ನಿಮ್ಮ ಗ್ರಂಥಾಲಯದ ‘ಕೋಹಾ-ಕಾನ್ಫ್.ಎಕ್ಸ್‌ಎಂಎಲ್’ ಪ್ಯಾಕೇಜಿನ ಸ್ವತ್ತಲ್ಲ. ಮೊದಲ ದಿನ ಸೈಟನ್ನು ಸೃಷ್ಟಿಸಿದಾಗ ಒಂದು ಮಾದರಿಯಿಂದ ತಯಾರಾದದ್ದು. ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ, ಆದರೆ ಹೊಸ ಆವೃತ್ತಿಗೆ ಬೇಕಾದ ಸಾಲುಗಳೂ ಅದಕ್ಕೆ ತಾವಾಗಿ ಸೇರುವುದಿಲ್ಲ. ಎರಡು ಹಂತದ ಲಾಗಿನ್ ವ್ಯವಸ್ಥೆಗೆ ಬೇಕಾದ ಗೂಢಲಿಪೀಕರಣದ ಕೀಲಿ ಅಂಥದ್ದೊಂದು. ಸಿಬ್ಬಂದಿ ಪುಟದ ‘ಕೋಹಾ ಬಗ್ಗೆ’ ಭಾಗದಲ್ಲಿ ವ್ಯವಸ್ಥೆಯ ಮಾಹಿತಿ ತೋರಿಸುವ ಜಾಗವಿದೆ; ಇಂಥ ಕೊರತೆಗಳ ಬಗೆಗಿನ ಎಚ್ಚರಿಕೆಗಳನ್ನು ಅಲ್ಲಿ ನೋಡಬಹುದು.

ನಿಜವಾಗಿಯೂ ಅಳಿಸಿಹೋಗುವುದು ‘ಯುಎಸ್‌ಆರ್’ ಡೈರೆಕ್ಟರಿಯೊಳಗೆ ಮಾಡಿದ ತಿದ್ದುಪಡಿ. ಕಾಲೇಜಿನ ಲಾಂಛನವನ್ನೋ ಬಣ್ಣವನ್ನೋ ಹಾಕಲು ಅಲ್ಲಿನ ಪುಟದ ಮಾದರಿಗಳನ್ನೇ ತಿದ್ದಿದ್ದರೆ, ಹೊಸ ಪ್ಯಾಕೇಜ್ ಅವನ್ನು ಕೇಳದೆಯೇ ಬದಲಿಸುತ್ತದೆ, ಹಳೆಯ ಪ್ರತಿಯನ್ನೂ ಉಳಿಸುವುದಿಲ್ಲ. ಅದೇ ಬದಲಾವಣೆಯನ್ನು ಆಡಳಿತ ವಿಭಾಗದ ‘ಒಪ್ಯಾಕ್‌ಯೂಸರ್‌ಸಿಎಸ್‌ಎಸ್’ ಎಂಬ ಸೆಟ್ಟಿಂಗ್‌ನಲ್ಲಿ ಬರೆದರೆ ಅದು ಡೇಟಾಬೇಸಿನಲ್ಲಿ ಕೂರುತ್ತದೆ, ಆದ್ದರಿಂದ ಪುಟದ ಮಾದರಿಗಳು ಬದಲಾದರೂ ಅಳಿಸಿಹೋಗುವುದಿಲ್ಲ. ಬೇರೆ ತಂತ್ರಾಂಶಗಳಲ್ಲೂ ಹೀಗೆ ಪ್ರತ್ಯೇಕ ಜಾಗಗಳಿವೆ: ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಡೈರೆಕ್ಟರಿ, ಹಿನ್ನೆಲೆಯಲ್ಲಿ ಸಿಸ್ಟಮ್‌ಡಿ ನಡೆಸುವ ಸೇವೆಗಳಿಗೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆಜ್ಞೆಯಿಂದ ಹುಟ್ಟುವ ಪುಟ್ಟ ಫೈಲ್. ಮೂಲ ಫೈಲನ್ನು ಮುಟ್ಟದೆ ಇಲ್ಲಿ ಬರೆದರೆ ಅಪ್‌ಗ್ರೇಡ್ ಸಮಯದ ಪ್ರಶ್ನೆಯೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅದೇ ಸರ್ವರ್‌ನಲ್ಲಿ ಆನ್‌ಲೈನ್ ಪಾಠಗಳ ತಂತ್ರಾಂಶವಾದ ಮೂಡಲ್ ಇದ್ದರೆ ಅದು ಬಳಸುವ ಪಿಎಚ್‌ಪಿ ಭಾಷೆಯನ್ನೂ ಗಮನಿಸಿ: ಡೆಬಿಯನ್ 11ರಲ್ಲಿ ಪಿಎಚ್‌ಪಿ 7.4, ಡೆಬಿಯನ್ 12ರಲ್ಲಿ 8.2 ಇದ್ದು, ಪ್ರತಿ ಆವೃತ್ತಿಗೂ ಬೇರೆ ಡೈರೆಕ್ಟರಿ ಇರುವುದರಿಂದ, ಅಪ್‌ಲೋಡ್ ಮಿತಿಯನ್ನು 2 ಎಂಬಿಯಿಂದ ಹೆಚ್ಚಿಸಿದ ನಿಮ್ಮ ಸಾಲು ಹಳೆಯ ಡೈರೆಕ್ಟರಿಯಲ್ಲೇ ಉಳಿದುಬಿಡುತ್ತದೆ.

ಆರಂಭಿಸುವ ಮುನ್ನ ‘ಇಟಿಸಿಕೀಪರ್’ ಸ್ಥಾಪಿಸಿಕೊಳ್ಳಿ. ಅದು ಇಡೀ ‘ಇಟಿಸಿ’ ಡೈರೆಕ್ಟರಿಯನ್ನು ಗಿಟ್ ಭಂಡಾರವಾಗಿ (ಬದಲಾವಣೆಗಳ ಇತಿಹಾಸವನ್ನು ಉಳಿಸಿಡುವ ಕಣಜವಾಗಿ) ಮಾಡಿ, ಪ್ಯಾಕೇಜ್‌ಗಳನ್ನು ತರಿಸುವ ಎಪಿಟಿ ಮೂಲಕ ನಡೆಯುವ ಪ್ರತಿ ಸ್ಥಾಪನೆಯ ಹಿಂದಿನ ಮತ್ತು ಮುಂದಿನ ಸ್ಥಿತಿಯನ್ನು ದಾಖಲಿಸುತ್ತದೆ. ಆ ಭಂಡಾರದಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಕೂಡ ಇರುವುದರಿಂದ ಅದನ್ನು ಯಾವ ಸಾರ್ವಜನಿಕ ತಾಣಕ್ಕೂ ಏರಿಸಬೇಡಿ. ‘ಕೋಹಾ-ಡಂಪ್’ ಆಜ್ಞೆಯು ಡೇಟಾಬೇಸನ್ನೂ ಸೈಟಿನ ಕಾನ್ಫಿಗರೇಶನನ್ನೂ ಬ್ಯಾಕಪ್ ಮಾಡಿಕೊಡುತ್ತದೆ. ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಒಯ್ಯಿರಿ. ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ನಮ್ಮ ಕರಾವಳಿಯ ವಿದ್ಯುತ್ತನ್ನು ನಂಬಿ ಈ ಕೆಲಸಕ್ಕೆ ಕೈಹಾಕಬೇಡಿ. ಯುಪಿಎಸ್ ಬ್ಯಾಟರಿ ಪರೀಕ್ಷಿಸಿ, ಬೆಳಿಗ್ಗೆಯೇ ಆರಂಭಿಸಿ. ದೂರದಿಂದ ಲಾಗಿನ್ ಆಗಿ ಮಾಡುವುದಾದರೆ ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಒಳಗೇ ನಡೆಸಿ. ಸಂಪರ್ಕ ಕಡಿದರೂ ಪ್ರಶ್ನೆ ನಿಮ್ಮ ಉತ್ತರಕ್ಕಾಗಿ ಕಾದಿರುತ್ತದೆ. ಕೋಹಾದ ಹೊಸ ಆವೃತ್ತಿ ಮೇ ಮತ್ತು ನವೆಂಬರ್‌ನಲ್ಲಿ ಹೊರಬರುವುದರಿಂದ, ಒಂದೇ ಸರ್ವರ್ ಇರುವ ಕಾಲೇಜು ಅದೇ ತಿಂಗಳು ಬಂದದ್ದನ್ನು ಬಿಟ್ಟು ಅದರ ಹಿಂದಿನ ಆವೃತ್ತಿಯ ಶಾಖೆಯನ್ನು ಆರಿಸಿಕೊಳ್ಳುವುದು ವಿವೇಕ.

ಎಲ್ಲ ಮುಗಿದ ಮೇಲೆ ವೆಬ್ ಸರ್ವರ್ ಆದ ಅಪಾಚೆಯ ಕಾನ್ಫಿಗರೇಶನ್ ಪರೀಕ್ಷೆಯನ್ನು ನಡೆಸಿ, ‘ಡೀಫಾಲ್ಟ್.ಐಡಿಎಕ್ಸ್’ನಲ್ಲಿ ಐಸಿಯು ಸಾಲುಗಳಿರುವುದನ್ನು ಕಣ್ಣಾರೆ ನೋಡಿ, ಬಳಿಕವೇ ‘ಕೋಹಾ-ರೀಬಿಲ್ಡ್-ಜೀಬ್ರಾ’ ಮೂಲಕ ಸೂಚಿಯನ್ನು ಪೂರ್ತಿಯಾಗಿ ಮರುನಿರ್ಮಿಸಿ. ನಂತರ ಒತ್ತಕ್ಷರ, ದೀರ್ಘಸ್ವರಗಳಿರುವ ಒಂದು ಕನ್ನಡ ಶೀರ್ಷಿಕೆಯನ್ನೂ ಒಂದು ತುಳು ಶೀರ್ಷಿಕೆಯನ್ನೂ ಹುಡುಕಿ ನೋಡಿ. ನಮ್ಮಲ್ಲಿ ಕೊಂಕಣಿ ಪುಸ್ತಕಗಳು ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ ಇರುವುದರಿಂದ ಎರಡೂ ಲಿಪಿಗಳಲ್ಲಿ ಒಂದೊಂದನ್ನು ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದಾದರೂ ಸಿಗದಿದ್ದರೆ, ಇಟಿಸಿಕೀಪರ್‌ನ ದಾಖಲೆಯಲ್ಲಿ ಆ ಫೈಲಿನ ಹಿಂದಿನ ರೂಪವನ್ನು ನೋಡಿ ತಪ್ಪಿಹೋದ ಸಾಲನ್ನು ಮರಳಿ ಸೇರಿಸಿ, ಸೂಚಿಯನ್ನು ಮತ್ತೊಮ್ಮೆ ಕಟ್ಟಿಸಿ.