ಡಿಬಗರ್ ಕಣ್ಣಲ್ಲಿ ಕಾನ್ಸ್ಟ್ ಮತ್ತು ವಾಲಟೈಲ್

ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಮಳೆಯ ಲೆಕ್ಕ ಬೇಕೇ ಬೇಕು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋದು ಯಾವಾಗ ಅನ್ನೋದು ಅದರ ಮೇಲೇ ನಿಂತಿದೆ. ಹಾಗಾಗಿ ಕಾರವಾರ, ಭಟ್ಕಳ, ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಮಳೆಮಾಪಕ ಒಳ್ಳೆಯ ಪ್ರಾಜೆಕ್ಟ್. ಒಳಗೆ ತಕ್ಕಡಿಯಂತೆ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದಾಗ ವಾಲುತ್ತದೆ, ಒಂದು ಪಲ್ಸ್ ಬರುತ್ತದೆ. ಒಂದು ವಾಲಿಕೆಗೆ 0.2 ಮಿಲಿಮೀಟರ್ ಮಳೆ ಎಂದು ಇಟ್ಟುಕೊಳ್ಳೋಣ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವಾಗ ಈ 0.2 ಕಾನ್ಸ್ಟ್ ಆಗುತ್ತದೆ, ಅಂದರೆ ಬದಲಾಗದ್ದು. ಪಲ್ಸ್ ಎಣಿಸುವ ವೇರಿಯೇಬಲ್ ವಾಲಟೈಲ್ ಆಗುತ್ತದೆ, ಅಂದರೆ ಯಾವಾಗ ಬೇಕಾದರೂ ಬದಲಾಗಬಹುದಾದದ್ದು.

ಈ ಎರಡು ಪದಗಳ ಬಗ್ಗೆ ಎಷ್ಟೊಂದು ತಪ್ಪು ತಿಳಿವಳಿಕೆ! ಕಾನ್ಸ್ಟ್ ಅಂದರೆ ಮೆಮೊರಿಗೆ ಬೀಗ ಅಂತ ವೈವಾದಲ್ಲಿ ಹೇಳುತ್ತಾರೆ. ಪ್ರೋಗ್ರಾಂ ಸರಿಯಾಗಿ ಓಡದಿದ್ದರೆ ಕಂಡಕಂಡಲ್ಲಿ ವಾಲಟೈಲ್ ಸೇರಿಸುತ್ತಾರೆ, ದೃಷ್ಟಿ ತೆಗೆದ ಹಾಗೆ. ಇವೆರಡು ನಿಜಕ್ಕೂ ಎಲ್ಲಿರುತ್ತವೆ ಅಂತ ನೋಡಬೇಕಾದರೆ ಡಿಬಗರ್, ಅಂದರೆ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ಇಣುಕುವ ಸಾಧನದ ಒಳಗೆ ಇಳಿಯಬೇಕು. ಅಲ್ಲಿ ಎಲ್ಲವೂ ಬಿಡಿಸಿಟ್ಟಿರುತ್ತದೆ.

ಡಿಬಗ್ ಮಾಹಿತಿ ಬೇಕು ಅಂತ ಹೇಳಿ ಕಂಪೈಲ್ ಮಾಡಿದರೆ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಿದರೆ), ಲಿನಕ್ಸ್‌ನಲ್ಲಿ ಅದು ಡ್ವಾರ್ಫ್ ಎಂಬ ರೂಪದಲ್ಲಿ ಫೈಲ್ ಒಳಗೆ ಕೂರುತ್ತದೆ. ಫೈಲ್‌ನ ರೂಪಕ್ಕೆ ಎಲ್ಫ್ ಅಂತ ಹೆಸರು, ಜೊತೆಗಾರನಿಗೆ ಡ್ವಾರ್ಫ್. ಇದರ 2ನೇ ಆವೃತ್ತಿ 1993ರದ್ದು, 5ನೆಯದು 2017ರದ್ದು. ಡ್ವಾರ್ಫ್‌ನಲ್ಲಿ ಪ್ರತಿ ಟೈಪ್‌ಗೂ, ಅಂದರೆ ವೇರಿಯೇಬಲ್‌ನ ಬಗೆಗೂ, ಒಂದು ನಮೂದು ಇರುತ್ತದೆ. ಪೂರ್ಣಾಂಕದ ಇಂಟ್‌ಗೆ ಒಂದು, ದಶಮಾಂಶದ ಫ್ಲೋಟ್‌ಗೆ ಒಂದು. ಸೊಗಸು ಇರೋದು ಇಲ್ಲಿ: ಕಾನ್ಸ್ಟ್ ಕೂಡ ಬೇರೆಯದೇ ಒಂದು ನಮೂದು. ಅದಕ್ಕೆ ಹೆಸರಿಲ್ಲ, ಗಾತ್ರವೂ ಇಲ್ಲ. 'ನಾನು ಕಾನ್ಸ್ಟ್, ಯಾವುದರದ್ದು ಅಂತ ಅಲ್ಲಿ ನೋಡಿ' ಎಂದು ಇನ್ನೊಂದು ನಮೂದಿನ ಕಡೆ ಬೆರಳು ತೋರಿಸುತ್ತದೆ, ಅಷ್ಟೇ. ವಾಲಟೈಲ್ ಕೂಡ ಹಾಗೇ.

ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯೇಬಲ್) ವಿಷಯದಲ್ಲಿ ಮಕ್ಕಳು ಒದ್ದಾಡುವ ಗೊಂದಲ ಈ ಸರಪಳಿಯಲ್ಲಿ ತಾನಾಗಿ ಬಿಡಿಸಿಕೊಳ್ಳುತ್ತದೆ. ಪಾಯಿಂಟರ್, ಆಮೇಲೆ ಕಾನ್ಸ್ಟ್, ಆಮೇಲೆ ಇಂಟ್ ಎಂದಿದ್ದರೆ ಆ ಪಾಯಿಂಟರ್ ಮೂಲಕ ಇಂಟ್ ಬದಲಿಸುವಂತಿಲ್ಲ. ಕಾನ್ಸ್ಟ್, ಆಮೇಲೆ ಪಾಯಿಂಟರ್, ಆಮೇಲೆ ಇಂಟ್ ಎಂದಿದ್ದರೆ ಪಾಯಿಂಟರನ್ನೇ ಬದಲಿಸುವಂತಿಲ್ಲ. ಎಡದಿಂದ ಬಲಕ್ಕೆ ಓದಿದರೆ ಮುಗಿಯಿತು. ಪಠ್ಯಪುಸ್ತಕದಲ್ಲಿ ಇದನ್ನು ಮೊದಲ ದಿನವೇ ಯಾಕೆ ತೋರಿಸಬಾರದು?

ಸ್ವಲ್ಪ ಇತಿಹಾಸ. 1978ರ ಸಿ ಭಾಷೆಯಲ್ಲಿ ಈ ಎರಡೂ ಪದ ಇರಲಿಲ್ಲ. 1981ರಲ್ಲಿ ಬೆಲ್ ಲ್ಯಾಬ್ಸ್‌ನ ಬ್ಯಾರ್ನೆ ಸ್ಟ್ರೌಸ್ಟ್ರಪ್ 'ರೀಡ್‌ಓನ್ಲಿ' ಎಂಬ ಪದ ಸೂಚಿಸಿದರು. ಅದೇ ಮುಂದೆ ಕಾನ್ಸ್ಟ್ ಆಯಿತು. 1989ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿ ತಂದ ಮಾನದಂಡದಲ್ಲಿ ಕಾನ್ಸ್ಟ್, ವಾಲಟೈಲ್ ಎರಡೂ ಸಿ ಭಾಷೆಗೆ ಸೇರಿದವು. 'ನೋಎಲಿಯಾಸ್' ಎಂಬ ಇನ್ನೊಂದು ಪದವೂ ಬರುವುದರಲ್ಲಿತ್ತು. ಸಿ ಭಾಷೆಯ ಜನಕ ಡೆನ್ನಿಸ್ ರಿಚಿ 1988ರಲ್ಲಿ ಜೋರಾಗಿ ವಿರೋಧಿಸಿದರು, ಅದನ್ನು ಕೈಬಿಟ್ಟರು. ಭಾಷೆ ಹುಟ್ಟಿಸಿದವರೇ ಬೇಡ ಅಂದಾಗ ಕೇಳಲೇಬೇಕಲ್ವಾ!

ಈಗ ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಶುರು ಮಾಡಿದ ಜಿಡಿಬಿ ಎಂಬ ಡಿಬಗರ್‌ಗೆ ಬರೋಣ. ಡ್ವಾರ್ಫ್‌ನ ಸರಪಳಿಯನ್ನು ಜಿಡಿಬಿ ಓದುತ್ತದೆ, ಆದರೆ ಹಾಗೇ ಇಟ್ಟುಕೊಳ್ಳುವುದಿಲ್ಲ. ಪ್ರತಿ ಟೈಪನ್ನು ಎರಡು ತುಂಡು ಮಾಡುತ್ತದೆ. ಮುಖ್ಯ ತುಂಡಿನಲ್ಲಿ ಹೆಸರು, ಸದಸ್ಯರ ಪಟ್ಟಿ ಎಲ್ಲ ಇರುತ್ತದೆ. ಹೊರಗಿನ ಚಿಕ್ಕ ತುಂಡಿನಲ್ಲಿ ಗಾತ್ರ ಇರುತ್ತದೆ, ಕೆಲವು ಬಿಟ್‌ಗಳು ಇರುತ್ತವೆ. ಕಾನ್ಸ್ಟ್‌ಗೆ 1, ವಾಲಟೈಲ್‌ಗೆ 2. ಎರಡೂ ಇದ್ದರೆ 3. ಡ್ವಾರ್ಫ್ ಸರಪಳಿಯಲ್ಲಿ ಕಾನ್ಸ್ಟ್ ಮೊದಲು ಬಂದಿತ್ತೋ ವಾಲಟೈಲ್ ಮೊದಲು ಬಂದಿತ್ತೋ ಅನ್ನೋದು ಇಲ್ಲಿ ಅಳಿಸಿಹೋಗುತ್ತದೆ. ಅರ್ಥ ಎರಡಕ್ಕೂ ಒಂದೇ ತಾನೆ?

ಬರಿಯ ಇಂಟ್, ಕಾನ್ಸ್ಟ್ ಇಂಟ್, ವಾಲಟೈಲ್ ಇಂಟ್ ಹೀಗೆ ಒಂದೊಂದಕ್ಕೂ ಒಂದು ಚಿಕ್ಕ ತುಂಡು. ಎಲ್ಲವೂ ಒಂದೇ ಮುಖ್ಯ ತುಂಡನ್ನು ಹಂಚಿಕೊಳ್ಳುತ್ತವೆ. ಒಂದೇ ಬಾವಿಯಿಂದ ನಾಲ್ಕು ಮನೆಯವರು ನೀರು ಸೇದಿದ ಹಾಗೆ. ಬಾವಿ ಆಳ ಮಾಡಿಸಿದರೆ ನಾಲ್ಕೂ ಮನೆಗೆ ನೀರು ಜಾಸ್ತಿ. ಒಂದು ಸ್ಟ್ರಕ್ಟ್‌ನ (ಹಲವು ಸದಸ್ಯ ವೇರಿಯೇಬಲ್‌ಗಳನ್ನು ಒಟ್ಟುಗೂಡಿಸಿದ ಟೈಪ್‌ನ) ಹೆಸರಷ್ಟೇ ಮೊದಲು ಗೊತ್ತಾಗಿ, ಅದರ ಸದಸ್ಯರು ಆಮೇಲೆ ಸಿಕ್ಕರೂ ಒಂದೇ ಕಡೆ ತುಂಬಿದರೆ ಸಾಕು. ಅದರ ಕಾನ್ಸ್ಟ್ ರೂಪಕ್ಕೂ ಆ ಸದಸ್ಯರು ಕಾಣುತ್ತಾರೆ. ಈ ಚಿಕ್ಕ ತುಂಡುಗಳು ಒಂದರ ಕೈ ಒಂದು ಹಿಡಿದು ವೃತ್ತವಾಗಿ ನಿಂತಿರುತ್ತವೆ. ಹೊಸದಾಗಿ ಕಾನ್ಸ್ಟ್ ರೂಪ ಬೇಕಾದಾಗ ಜಿಡಿಬಿ ಮೊದಲು ಈ ವೃತ್ತ ಸುತ್ತಿ ಹುಡುಕುತ್ತದೆ. ಇದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ಮಾತ್ರ ಹೊಸದು ಮಾಡುತ್ತದೆ. ಇದರ ಅಚ್ಚುಕಟ್ಟು ನನಗೆ ತುಂಬಾ ಇಷ್ಟ.

ಹಾಗಾದರೆ ಬೀಗ ಎಲ್ಲಿದೆ? ಈ ಬಿಟ್ ಇರೋದು ಡಿಬಗರ್‌ನ ಟಿಪ್ಪಣಿಯಲ್ಲಿ. ನಿಮ್ಮ 0.2 ಇರುವ ಜಾಗಕ್ಕೆ ಅದು ಅಂಟಿಕೊಂಡಿಲ್ಲ. ಮಳೆಮಾಪಕದ ಕೋಡನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಜಿಡಿಬಿಯಲ್ಲಿ 'ಸೆಟ್ ವಾರ್' ಎಂಬ ಆಜ್ಞೆ ಕೊಟ್ಟು ಆ ಕಾನ್ಸ್ಟನ್ನು 0.5 ಮಾಡಿ ನೋಡಿ. ಸುಮ್ನೆ ಬದಲಾಗುತ್ತದೆ, ಒಂದು ಎಚ್ಚರಿಕೆಯೂ ಬರುವುದಿಲ್ಲ. ಗ್ಲೋಬಲ್ (ಯಾವ ಫಂಕ್ಷನ್‌ಗೂ ಸೇರದ) ಕಾನ್ಸ್ಟ್ ಕೂತಿರುವ ಮೆಮೊರಿಯ ಪುಟಕ್ಕೆ ಆಪರೇಟಿಂಗ್ ಸಿಸ್ಟಮ್ ಕಾವಲು ಹಾಕಿರುತ್ತದೆ ನಿಜ. ಪ್ರೋಗ್ರಾಂ ತಾನೇ ಬರೆಯಲು ಹೋದರೆ ಸತ್ತುಬೀಳುತ್ತದೆ. ಆದರೆ ಡಿಬಗರ್ ಬರುವುದು ಪಿಟ್ರೇಸ್ ದಾರಿಯಲ್ಲಿ, ಅಂದರೆ ಇನ್ನೊಂದು ಪ್ರೋಗ್ರಾಂನ ಮೆಮೊರಿ ಮುಟ್ಟಲು ಲಿನಕ್ಸ್ ಕೊಟ್ಟಿರುವ ದಾರಿಯಲ್ಲಿ, ಕಾವಲು ಅದನ್ನು ತಡೆಯದು. ಫಂಕ್ಷನ್ ಒಳಗಿನ ಕಾನ್ಸ್ಟ್ ಇರೋದು ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ, ಅಲ್ಲಿ ಕಾವಲೇ ಇಲ್ಲ. ಇನ್ನೂ ಒಂದು ಸ್ವಾರಸ್ಯ ಇದೆ. ಆಪ್ಟಿಮೈಸ್ ಮಾಡಿ (ಕೋಡ್ ವೇಗವಾಗಿ ಓಡುವಂತೆ ಚುರುಕುಗೊಳಿಸಿ) ಕಂಪೈಲ್ ಮಾಡಿದ್ದರೆ, ಡಿಬಗರ್ 0.5 ತೋರಿಸುತ್ತಿದ್ದರೂ ಪ್ರೋಗ್ರಾಂ 0.2ರಲ್ಲೇ ಲೆಕ್ಕ ಹಾಕುತ್ತಿರಬಹುದು. ಇದು ಬದಲಾಗುವುದಿಲ್ಲ ಎಂಬ ನಿಮ್ಮ ಮಾತು ನಂಬಿ ಕಂಪೈಲರ್ ಆ ಸಂಖ್ಯೆಯನ್ನು ಲೆಕ್ಕದೊಳಗೇ ಸೇರಿಸಿಬಿಟ್ಟಿರುತ್ತದೆ. ಕಾನ್ಸ್ಟ್ ಅಂದರೆ ನೀವು ಕಂಪೈಲರ್‌ಗೆ ಕೊಟ್ಟ ಮಾತು.

ವಾಲಟೈಲ್ ಕೂಡ ಕಂಪೈಲರ್‌ಗೆ ಹೇಳುವ ಮಾತೇ: ಪ್ರತಿ ಸಲ ಮೆಮೊರಿಗೆ ಹೋಗಿ ನೋಡು, ಹಳೆಯದನ್ನು ಕೈಯಲ್ಲಿ ಹಿಡಿದು ಕೂರಬೇಡ. ಪಲ್ಸ್ ಬಂದಾಗ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ನಡುವೆ ಓಡುವ ಕೋಡ್) ಎಣಿಕೆ ಏರಿಸುತ್ತದೆ, ಹಾಗಾಗಿ ಇಲ್ಲಿ ಅದು ಬೇಕು. ಆದರೆ ಓದುವ ಕೆಲಸ ಒಂದೇ ಏಟಿಗೆ ಮುಗಿಯುತ್ತದೆ ಅಂತ ವಾಲಟೈಲ್ ಭರವಸೆ ಕೊಡುವುದಿಲ್ಲ. 8 ಬಿಟ್ ಚಿಪ್‌ನಲ್ಲಿ 16 ಬಿಟ್ ಎಣಿಕೆಯನ್ನು ಎರಡು ಕಂತಲ್ಲಿ ಓದಬೇಕು. ಎಣಿಕೆ 255 ಇದೆ. ಕೆಳಗಿನ ಬೈಟ್ ಓದಿದಿರಿ, 255 ಸಿಕ್ಕಿತು. ಅಷ್ಟರಲ್ಲಿ ಬಟ್ಟಲು ವಾಲಿ ಎಣಿಕೆ 256 ಆಯಿತು. ಮೇಲಿನ ಬೈಟ್ ಓದಿದರೆ ಈಗ 1. ಜೋಡಿಸಿದರೆ 511! ಬಿದ್ದ ಮಳೆ 51.2 ಮಿಲಿಮೀಟರ್, ತೋರಿಸಿದ್ದು 102.2. ಆಷಾಢದ ಶಿರಸಿಯಲ್ಲಿ ಎರಡೂ ನಂಬುವಂಥ ಸಂಖ್ಯೆಗಳೇ. ಯಾರಿಗೂ ಅನುಮಾನ ಬರುವುದಿಲ್ಲ. ಡಿಬಗರ್‌ನಲ್ಲಿ ನೋಡಿದರೆ ವಾಲಟೈಲ್ ಬಿಟ್ ಸರಿಯಾಗೇ ಇರುತ್ತದೆ. ಇಲ್ಲಿ ಬೇಕಾದದ್ದು ಇನ್ನೊಂದು ವಾಲಟೈಲ್ ಅಲ್ಲ. ಓದುವ ಮುಂಚೆ ಇಂಟರಪ್ಟ್ ನಿಲ್ಲಿಸಿ, ಎಣಿಕೆಯನ್ನು ಬೇರೆ ವೇರಿಯೇಬಲ್‌ಗೆ ನಕಲು ಮಾಡಿ, ಮತ್ತೆ ಇಂಟರಪ್ಟ್ ಬಿಡಬೇಕು.