ಲಾರಿ ತಳದ ಹಲಗೆ ಬೂದಿ ಬಣ್ಣಕ್ಕೆ ತಿರುಗಿದೆ, ಬದಲಾಯಿಸಲೇಬೇಕಾ?

ಪ್ರಶ್ನೆ: ನಮ್ಮ ಹತ್ರ ಹಳೇ ಟಾಟಾ 407 ಇದೆ. ಹಿಂದಿನ ತಳಕ್ಕೆ ಮರದ ಹಲಗೆ. ಬಿಸಿಲು, ಮಳೆಯಲ್ಲಿ ನಿಂತು ನಿಂತು ಬೂದಿ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಸೀಳು ಬಿಟ್ಟಿದೆ. ಪೂರ್ತಿ ಕಿತ್ತು ಹೊಸದು ಹಾಕಿಸಿ ಅಂತಾರೆ ಬಾಡಿ ಕಟ್ಟುವವರು. ಉಳಿಸಿಕೊಳ್ಳೋಕೆ ಆಗಲ್ವಾ?

ಉತ್ತರ: ಬಣ್ಣ ನೋಡಿ ಹೆದರಬೇಡಿ. ಮರದ ನಾರುಗಳನ್ನು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ಅಂಟು. ಬಿಸಿಲು ಅದನ್ನು ಒಡೆಯುತ್ತದೆ, ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿದ ನಾರಿನ ಮೇಲೆ ಬೂಷ್ಟು ಕೂತರೆ ಬೂದಿ ಬಣ್ಣ. ಇದೆಲ್ಲ ಮೇಲಿನ ತೆಳು ಪದರದ ಕಥೆ. ಮತ್ತಿ, ಹೊನ್ನೆಯಂಥ ಗಟ್ಟಿ ಮರವಾದರೆ ಸ್ವಲ್ಪ ಉಜ್ಜಿದರೂ ಒಳಗಿನ ಬಣ್ಣ ಹೊರಬರುತ್ತದೆ.

ನೋಡಬೇಕಾದ್ದು ಗಾಡಿಯ ಅಡಿಯಿಂದ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ. ಹಲಗೆ ಕೊಳೆಯಲು ಶುರುವಾಗುವುದು ಕಬ್ಬಿಣದ ಅಡ್ಡ ಚಾನೆಲ್ ಮೇಲೆ ಕೂತ ಜಾಗದಲ್ಲಿ, ಬೋಲ್ಟಿನ ಸುತ್ತ, ಮತ್ತೆ ಹಲಗೆಯ ಎರಡು ತುದಿಗಳಲ್ಲಿ. ಅಲ್ಲೆಲ್ಲ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಕೊಯ್ದ ತುದಿಯಂತೂ ಪಕ್ಕದ ಮೈಗಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಕುಡಿಯುತ್ತದೆ. ಮರದಲ್ಲಿ ತೇವಾಂಶ ಶೇ. 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ.

ಒಂದು ಸ್ಕ್ರೂಡ್ರೈವರ್ ತಗೊಂಡು ಈ ಜಾಗಗಳಲ್ಲಿ ಒತ್ತಿ ಚುಚ್ಚಿ. ಟಣ್ ಅಂತ ನಿಂತರೆ ಹಲಗೆ ಗಟ್ಟಿ. ಮೆತ್ತಗೆ ಒಳಗೆ ಹೋಗಿ, ಪುಡಿಪುಡಿಯಾಗಿ ಎದ್ದರೆ ಆ ಹಲಗೆಯ ಆಯುಷ್ಯ ಮುಗಿಯಿತು. ಅದೊಂದನ್ನೇ ಬದಲಾಯಿಸಿ, ಪೂರ್ತಿ ಕೀಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಉದ್ದುದ್ದ ಬಿಟ್ಟ ಸಣ್ಣ ಸೀಳಿನಿಂದ ಅಪಾಯವಿಲ್ಲ. ಆರಪಾರ ಹೋಗಿದ್ದರೆ ಮಾತ್ರ ಯೋಚಿಸಿ. ಹೊಸ ಹಲಗೆಗೆ ಅಗ್ಗ ಅಂತ ಸಿಲ್ವರ್ ಓಕ್, ರಬ್ಬರ್ ಮರ ತರಬೇಡಿ, ಮಳೆಗೆ ಬಾಳಿಕೆ ಬರುವುದಿಲ್ಲ.

ಕೆಲಸ ಬೇಸಿಗೆಯಲ್ಲಿ ಇಟ್ಟುಕೊಳ್ಳಿ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹಲಗೆಗಳಿಗೆ ನಂಬರ್ ಬರೆದು ಬಿಚ್ಚಿ, ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಿ. ಸರ್ವೀಸ್ ಸ್ಟೇಷನ್ನಿನ ಜೋರು ಪೈಪು ಬೇಡ, ನಾರು ಎದ್ದುಬಿಡುತ್ತದೆ. ಬೋಲ್ಟಿನ ಸುತ್ತಲಿನ ಕಪ್ಪು ಕಲೆ ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು, ಸೋಪಿಗೆ ಬಗ್ಗುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ 60ರಿಂದ 100 ಗ್ರಾಂ ಆಕ್ಸಾಲಿಕ್ ಆಸಿಡ್ ಪುಡಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ ಹಚ್ಚಿ. ಅದು ವಿಷ. ಗ್ಲೌಸ್, ಕನ್ನಡಕ ಬೇಕು, ಮಕ್ಕಳು, ದನ ಹತ್ತಿರ ಬರಬಾರದು. ಆಮೇಲೆ ಚೆನ್ನಾಗಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ನಂತರ ಮಾಸ್ಕ್ ಹಾಕಿಕೊಂಡು 60, 80 ನಂಬರಿನ ಸ್ಯಾಂಡ್‌ಪೇಪರ್ ಹೊಡೆದರೆ ಸಾಕು. ತಳಕ್ಕೆ ನುಣುಪು ಯಾಕೆ, ಮೂಟೆ ಜಾರೋಕಾ?

ವಾರ್ನಿಷ್ ಹಚ್ಚಬೇಡಿ. ಲೋಡ್ ಬಿದ್ದಾಗ ಹಲಗೆ ಬಾಗುತ್ತದೆ, ಮೇಲಿನ ಪದರ ಬಿರುಕು ಬಿಡುತ್ತದೆ, ಅಲ್ಲಿ ಇಳಿದ ನೀರು ಒಳಗೇ ಉಳಿಯುತ್ತದೆ. ಮೇಲೆ ತಗಡು ಹೊಡೆಸಿದರೂ ಅದೇ ಪಾಡು: ಮೊಳೆ ತೂತಿನಿಂದ ಇಳಿದ ನೀರಿಗೆ ಆರಲು ದಾರಿಯಿಲ್ಲ. ಇನ್ನು ವೇಸ್ಟ್ ಆಯಿಲ್ (ಎಂಜಿನ್‌ನಿಂದ ತೆಗೆದ ಹಳೇ ಆಯಿಲ್) ಬಳಿಯುವ ರೂಢಿ ತುಂಬಾ ಕಡೆ ಇದೆ. ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಭತ್ತ, ರಾಗಿ ಹೇರುವ ಗಾಡಿಗೆ ಅದು ಬೇಡವೇ ಬೇಡ.

ಹಚ್ಚಬೇಕಾದ್ದು ಬಾಯಿಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಬೇಗ ಒಣಗುವಂತೆ ಮಾಡಿ ಮಾರುವ ಅಗಸೆ ಎಣ್ಣೆ. ಅದು ಒಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ. ಮೊದಲ ಕೋಟ್‌ಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ. ಅಡಿಭಾಗ, ಬೋಲ್ಟ್ ತೂತು, ಕೊಯ್ದ ತುದಿ ಎಲ್ಲಕ್ಕೂ ಕುಡಿಸಿ. ತುದಿಗೆ ಎರಡು ಸಲ ಜಾಸ್ತಿಯೇ ಹಾಕಿ. ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ, ಇಲ್ಲದಿದ್ದರೆ ಅಂಟಂಟಾಗುತ್ತದೆ. ಚಾನೆಲ್‌ಗಳಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆದು, ಗ್ಯಾಲ್ವನೈಸ್ಡ್ (ಸತುವಿನ ಲೇಪವಿರುವ) ಬೋಲ್ಟ್ ಹಾಕಿ ಜೋಡಿಸಿ. ಕಾಳು ಸೋರುವ ಭಯವಿಲ್ಲದಿದ್ದರೆ ಹಲಗೆಗಳ ನಡುವೆ 3 ಮಿ.ಮೀ. ಸಂದು ಬಿಡಿ, ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ. ನೀರು ಬಿದ್ದಾಗ ಹನಿ ನಿಲ್ಲದೆ ಹರಡಿ ಒಳಗೆ ಇಳಿಯಲು ಶುರುವಾದರೆ ಇನ್ನೊಂದು ಕೋಟ್ ಬೇಕು ಅಂತ ಲೆಕ್ಕ.

ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಒಣಗುವಾಗ ಬಿಸಿಯಾಗಿ, ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ.