ಜಿಬಿಎಸ್ ಟಿಪ್ಪಣಿ: ಆಕ್ಸಿಜನ್ 98 ಇದ್ದರೂ ಉಸಿರು ಯಾಕೆ ಎಣಿಸಬೇಕು?

ನಾನು ಮೈಸೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್, ದೇಹದ ರಕ್ಷಣಾ ವ್ಯವಸ್ಥೆ ನಮ್ಮ ನರಗಳ ಮೇಲೆಯೇ ಬೀಳುವ ಕಾಯಿಲೆ. ಪಾಠದಲ್ಲಿ ಅದು ಎರಡೇ ಪುಟ. ಕಳೆದ ವಾರ ವಾರ್ಡಿನಲ್ಲಿ ಒಬ್ಬರನ್ನು ನೋಡಿಕೊಂಡ ಮೇಲೆ ಆ ಎರಡು ಪುಟ ಸಾಲದು ಅನ್ನಿಸಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅವರು ಮಂಡ್ಯ ಕಡೆಯವರು, ಕಬ್ಬು ಬೆಳೆಯುತ್ತಾರೆ. ಹತ್ತು ದಿನದ ಹಿಂದೆ ಭೇದಿಯಾಗಿ ತಾನಾಗಿಯೇ ನಿಂತಿತ್ತು. ಆಮೇಲೆ ಕಾಲ್ಬೆರಳು ಜೋಮು ಹಿಡಿಯಿತು. ಮರುದಿನ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತಿತ್ತು. ಮೂರನೆಯ ದಿನ ಕುಕ್ಕರಗಾಲಲ್ಲಿ ಕೂತವರಿಗೆ ಏಳಲು ಆಗಲಿಲ್ಲ. ಮನೆಯವರು ಲಕ್ವ ಅಂದುಕೊಂಡರು. ಲಕ್ವ ಸಾಮಾನ್ಯವಾಗಿ ಥಟ್ಟನೆ, ಒಂದು ಪಕ್ಕಕ್ಕೆ ಹೊಡೆಯುತ್ತದೆ. ಜಿಬಿಎಸ್ ಹೆಚ್ಚಾಗಿ ಎರಡೂ ಕಾಲಲ್ಲಿ ಶುರುವಾಗಿ, ದಿನದಿಂದ ದಿನಕ್ಕೆ ಮೇಲೇರುತ್ತದೆ. ಮಂಡಿಗೆ ಸುತ್ತಿಗೆ ತಟ್ಟಿದರೆ ಸಾಮಾನ್ಯವಾಗಿ ಕಾಲು ಎಗರುವುದಿಲ್ಲ.

ಯಾಕೆ ಬರುತ್ತದೆ

ಕ್ಯಾಂಪೈಲೋಬ್ಯಾಕ್ಟರ್ ಜೆಜುನೈ ಎಂಬ ಭೇದಿಯ ಬ್ಯಾಕ್ಟೀರಿಯಾದ ಹೊರಪದರ ನಮ್ಮ ನರದಲ್ಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬು-ಸಕ್ಕರೆಯ ಅಣುವನ್ನೇ ಹೋಲುತ್ತದೆ. ಅದರ ವಿರುದ್ಧ ಹುಟ್ಟಿದ ಆಂಟಿಬಾಡಿ ಗುರುತು ತಪ್ಪಿ ನರದ ಮೇಲೆ ಬೀಳುತ್ತದೆ. ನರದ ಮೇಲಿನ ಹೊದಿಕೆಯಾದ ಮಯಲಿನ್ ಹಾಳಾದರೆ ಅದು ಎಐಡಿಪಿ ಎಂಬ ಬಗೆ, ಒಳಗಿನ ತಂತಿಯಂಥ ಆಕ್ಸಾನೇ ಪೆಟ್ಟು ತಿಂದರೆ ಎಎಂಎಎನ್ ಎಂಬ ಬಗೆ. ಭೇದಿ ಒಂದೇ ಅಲ್ಲ, ಕೆಮ್ಮು-ನೆಗಡಿಯ ಸೋಂಕಿನ ನಂತರವೂ ಬರಬಹುದು.

ನಾನು ಎಡವಿದ ಜಾಗ

ಅವರ ಬೆರಳಿನ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಉಸಿರಾಟ ಚೆನ್ನಾಗಿದೆ ಅಂತ ಬರೆದೆ. ಸೀನಿಯರ್ ಸಿಸ್ಟರ್ ಅದನ್ನು ನೋಡಿ, ಹಾಸಿಗೆ ಪಕ್ಕ ಹೋಗಿ, "ಅಣ್ಣಾ, ಜೋರಾಗಿ ಉಸಿರು ಎಳ್ಕೊಂಡು, ಒಂದೇ ಉಸಿರಿಗೆ ಎಷ್ಟಾಗುತ್ತೋ ಅಷ್ಟು ಎಣಿಸಿ" ಅಂದರು. ಒಂದು, ಎರಡು, ಮೂರು... ಹದಿನಾರಕ್ಕೆ ದನಿ ಸಣ್ಣಗಾಯಿತು. ಬೆಳಿಗ್ಗೆ ಇಪ್ಪತ್ತೈದರವರೆಗೆ ಎಣಿಸಿದ್ದರಂತೆ.

98 ಇದೆಯಲ್ಲ, ಮತ್ತೆ ಭಯ ಯಾಕೆ? ಇದು ತಲೆಗೆ ಇಳಿಯಲು ನನಗೆ ಎರಡು ರಾತ್ರಿ ಬೇಕಾಯಿತು. ಟ್ಯಾಂಕಿನಲ್ಲಿ ನೀರು ತುಂಬಿದೆ ಅಂದ ಮಾತ್ರಕ್ಕೆ ಮೋಟಾರ್ ಸರಿಯಾಗಿ ಓಡುತ್ತಿದೆ ಅಂತ ಅಲ್ಲ, ಅಲ್ವಾ? ಇಲ್ಲಿ ಶ್ವಾಸಕೋಶ ಕೆಟ್ಟಿಲ್ಲ. ಗಾಳಿ ಎಳೆಯುವ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯು) ಮತ್ತು ಪಕ್ಕೆಯ ಸ್ನಾಯು ಸೋಲುತ್ತಿವೆ. ಉಸಿರು ಚಿಕ್ಕದಾದಷ್ಟೂ ರೋಗಿ ಜಾಸ್ತಿ ಸಲ ಉಸಿರಾಡಿ ಸರಿದೂಗಿಸುತ್ತಾರೆ. ಅಷ್ಟು ಗಾಳಿಯಲ್ಲೇ ರಕ್ತಕ್ಕೆ ಬೇಕಾದ ಆಕ್ಸಿಜನ್ ಸಿಕ್ಕಿಬಿಡುತ್ತದೆ. ಸ್ನಾಯು ಪೂರ್ತಿ ದಣಿದಾಗ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಆಕ್ಸಿಮೀಟರಿನ ಅಂಕಿ ಬೀಳುವುದು ತೀರಾ ಕೊನೆಗೆ. ಸುಮ್ನೆ ಆಕ್ಸಿಜನ್ ಮಾಸ್ಕ್ ಹಾಕಿಟ್ಟರೆ ಆ ಅಂಕಿ ಇನ್ನೂ ಹೊತ್ತು ಚೆನ್ನಾಗಿಯೇ ಕಾಣುತ್ತದೆ, ಒಳಗೆ ಉಸಿರು ಸೋಲುತ್ತಲೇ ಇರುತ್ತದೆ.

ಹಾಗಾಗಿ ಅಳೆಯಬೇಕಾದ್ದು ವೈಟಲ್ ಕೆಪಾಸಿಟಿ, ಅಂದರೆ ಪೂರ್ತಿ ಉಸಿರು ಎಳೆದು ಒಂದೇ ಸಲಕ್ಕೆ ಹೊರಬಿಡಬಹುದಾದ ಗಾಳಿ. ನೆನಪಿಗೆ 20-30-40: ವೈಟಲ್ ಕೆಪಾಸಿಟಿ ಕೆಜಿಗೆ 20 ಎಂಎಲ್‌ಗಿಂತ ಕಡಿಮೆ, ಉಸಿರು ಎಳೆಯುವ ಒತ್ತಡ 30 ಸೆಂ.ಮೀ. ನೀರಿನ ಒತ್ತಡಕ್ಕಿಂತ ಕಡಿಮೆ, ಹೊರದೂಡುವ ಒತ್ತಡ 40ಕ್ಕಿಂತ ಕಡಿಮೆ. ಯಾವುದೇ ಒಂದು ಬಂದರೂ ಐಸಿಯು, ವೆಂಟಿಲೇಟರ್ ತಯಾರಿ.

ಇಲ್ಲೂ ಒಂದು ಗುಂಡಿಯಿದೆ. 60 ಕೆಜಿಯವರಿಗೆ 20 ಎಂಎಲ್ ಲೆಕ್ಕದಲ್ಲಿ ಗಡಿ 1200 ಎಂಎಲ್. ಬೆಳಿಗ್ಗೆ 2400 ಇದ್ದದ್ದು ಸಂಜೆ 1600 ಆಯಿತು ಅಂದುಕೊಳ್ಳಿ. 1200ಕ್ಕಿಂತ ಮೇಲೆಯೇ ಇದೆ. ಆದರೆ ಮೂರನೇ ಒಂದು ಭಾಗ ಇಳಿದುಹೋಗಿದೆ! ಶೇ. 30ಕ್ಕಿಂತ ಜಾಸ್ತಿ ಇಳಿದರೂ ಅದು ಅಪಾಯವೇ. ಒಂದು ಸಲದ ಅಂಕಿಗಿಂತ ಇಳಿಯುವ ವೇಗ ನೋಡಬೇಕು.

ಈ ಗಾಳಿ ಅಳೆಯುವ ಯಂತ್ರ, ಸ್ಪೈರೋಮೀಟರ್, ಕೈಗೆ ಸಿಗದಾಗ ಎಣಿಕೆಯೇ ಗತಿ. 20ರ ಒಳಗೆ ನಿಂತರೆ ಡಾಕ್ಟರಿಗೆ ತಕ್ಷಣ ಹೇಳಿ. ಇಂಗ್ಲಿಷಿನ 'ಫೋರ್ಟೀನ್' ಎರಡೇ ಗುಕ್ಕು, ನಮ್ಮ 'ಹದಿನಾಲ್ಕು' ನಾಲ್ಕು ಅಕ್ಷರ. ಅದಕ್ಕೇ ನಾನು ಪುಸ್ತಕದ ಅಂಕಿಗಿಂತ ಅದೇ ರೋಗಿಯ ಹಿಂದಿನ ಎಣಿಕೆಯನ್ನು ನಂಬುತ್ತೇನೆ. ಅದೇ ಭಾಷೆ, ಅದೇ ವೇಗ, ಕೂತ ಭಂಗಿಯೂ ಅದೇ ಇರಲಿ. ಜೊತೆಗೆ ದಿಂಬಿನಿಂದ ತಲೆ ಎತ್ತಲು ಹೇಳಿ. ವಪೆಗೆ ಹೋಗುವ ನರ ಕುತ್ತಿಗೆಯ 3, 4, 5ನೇ ಮಟ್ಟದಿಂದ ಬರುತ್ತದೆ. ಹಾಗಾಗಿ ಕುತ್ತಿಗೆ ಸೋತರೆ ವಪೆಯ ಮೇಲೂ ಕಣ್ಣಿಡಬೇಕು. ಕೆಮ್ಮು ಬಲ ಕಳೆದುಕೊಂಡರೆ, ನೀರು ಕುಡಿದಾಗ ನೆತ್ತಿಗೆ ಹತ್ತಿದರೆ, ಅದನ್ನೂ ಬರೆಯಿರಿ.

ಉಳಿದದ್ದು

ಜಿಬಿಎಸ್‌ನಲ್ಲಿ ಬೆನ್ನುಹುರಿ ದ್ರವ ಪರೀಕ್ಷಿಸಿದರೆ ಪ್ರೋಟೀನ್ ಜಾಸ್ತಿ, ಜೀವಕೋಶಗಳ ಸಂಖ್ಯೆ ನಾರ್ಮಲ್. 1916ರಲ್ಲಿ ಗಿಲಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡದ್ದು ಇದೇ. ಮೊದಲ ವಾರ ಪ್ರೋಟೀನ್ ನಾರ್ಮಲ್ ಬಂದರೂ ರೋಗ ಇಲ್ಲ ಅನ್ನಬಾರದು.

ಚಿಕಿತ್ಸೆ ಐವಿಐಜಿ (ದಾನಿಗಳ ಆಂಟಿಬಾಡಿಯನ್ನು ರಕ್ತನಾಳಕ್ಕೆ ಕೊಡುವುದು) ಇಲ್ಲವೇ ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವಭಾಗ ತೆಗೆದು ಬದಲಿಸುವುದು). ಐವಿಐಜಿ ದಿನಕ್ಕೆ ಕೆಜಿಗೆ 0.4 ಗ್ರಾಂ, 5 ದಿನ. 60 ಕೆಜಿಗೆ ದಿನಕ್ಕೆ 24 ಗ್ರಾಂ, ಒಟ್ಟು 120. ಐವಿಐಜಿ ಕೊಟ್ಟ ಬೆನ್ನಿಗೇ ಪ್ಲಾಸ್ಮಾ ತೆಗೆದರೆ ಕೊಟ್ಟದ್ದೂ ತೊಳೆದು ಹೋಗುತ್ತದೆ. ಬಿಪಿ, ನಾಡಿ ನಿಯಂತ್ರಿಸುವ ನರಗಳೂ ಪೆಟ್ಟು ತಿಂದು ಅವು ಏಕಾಏಕಿ ಏರಿಳಿಯಬಹುದು, ಅದಕ್ಕೇ ಮಾನಿಟರ್.

ಜಿಬಿಎಸ್ 4 ವಾರದೊಳಗೆ ತನ್ನ ತುದಿ ಮುಟ್ಟಿ ನಿಲ್ಲುತ್ತದೆ. 8 ವಾರ ದಾಟಿಯೂ ಏರುತ್ತಿದ್ದರೆ ಸಿಐಡಿಪಿ, ಅಂದರೆ ಇದೇ ಥರದ ದೀರ್ಘಕಾಲದ ನರರೋಗ, ಇರಬಹುದೇ ಅಂತ ಯೋಚಿಸಬೇಕು. ಪರೀಕ್ಷೆಯಲ್ಲಿ ಇವೆರಡನ್ನು ಕಲಸಿಬಿಡುತ್ತೇವೆ: ಸ್ಟಿರಾಯ್ಡ್ ಸಿಐಡಿಪಿಗೆ ಕೆಲಸ ಮಾಡುತ್ತದೆ, ಜಿಬಿಎಸ್‌ಗೆ ಮಾಡುವುದಿಲ್ಲ.